ಹಗೇವಿನ ಬಾಯಿ, ಕಣಜದ ಕಿಂಡಿ

ಮೊಬೈಲ್ ಆ್ಯಪ್ ಬರೆಯುವ ಕೆಲಸಕ್ಕೆ ಸಂದರ್ಶನಕ್ಕೆ ಹೋಗುವ ಹೊಸಬರಿಗೆ ಎರಡು ಪ್ರಶ್ನೆಗಳ ಉತ್ತರ ಬಾಯಿಪಾಠವಾಗಿರುತ್ತದೆ. ಸ್ಟ್ಯಾಕ್ ಎಂದರೇನು? ಕೊನೆಗೆ ಬಂದದ್ದು ಮೊದಲು ಹೊರಗೆ. ಒಂದರ ಮೇಲೊಂದು ಇಟ್ಟ ತಟ್ಟೆಗಳ ಹಾಗೆ. ಕ್ಯೂ ಎಂದರೇನು? ಮೊದಲು ಬಂದದ್ದು ಮೊದಲು ಹೊರಗೆ. ಟಿಕೆಟ್ ಕೌಂಟರಿನ ಮುಂದೆ ನಿಂತ ಜನರ ಹಾಗೆ. ಉತ್ತರ ಸರಿಯಾಗಿಯೇ ಇದೆ. ಆದರೆ ಅದೇ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿ ಬರೆದ ಆ್ಯಪ್‌ನಲ್ಲಿ ಹಿಂದೆ ಹೋಗುವ ಗುಂಡಿ ಒತ್ತಿದರೆ ತುಂಬಿದ ಅರ್ಜಿ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಬರೆದಿಟ್ಟ ಮಾಹಿತಿ, ನೆಟ್‌ವರ್ಕ್ ಬಂದಾಗ ಹಿಂದುಮುಂದಾಗಿ ಹೋಗಿ ಸೇರುತ್ತದೆ. ಬಾಯಿಪಾಠ ಕೈಗೆ ಇಳಿದಿಲ್ಲ ಎಂದರ್ಥ.

ಇದನ್ನು ಬರೀ ಕಲಿಕೆಯ ಕೊರತೆ ಎಂದು ತಳ್ಳಿಹಾಕುವಂತಿಲ್ಲ. ಸ್ಟ್ಯಾಕ್ ಮತ್ತು ಕ್ಯೂ ಲೆಕ್ಕದ ಪುಸ್ತಕದ ಎರಡು ಆಕಾರಗಳು ಮಾತ್ರವಲ್ಲ, ಯಾರು ಮೊದಲು ಮತ್ತು ಯಾರು ಕಾಯಬೇಕು ಎಂಬುದರ ಎರಡು ತೀರ್ಮಾನಗಳು ಕೂಡ. ಆ ತೀರ್ಮಾನವನ್ನು ಅರಿತು ಮಾಡಬೇಕು, ಬಳಸುವವರಿಗೆ ಕಾಣುವಂತೆ ಮಾಡಬೇಕು, ಮತ್ತು ಅದನ್ನು ಕಲಿಸುವಾಗ ಕಲಿಯುವವರ ಭಾಷೆಯಲ್ಲೇ ಕಲಿಸಬೇಕು. ಈ ಮೂರು ಒಂದಕ್ಕೊಂದು ಅಂಟಿಕೊಂಡಿವೆ.

ಹೆಸರಿನ ಮಾತು

ಹೆಸರಿನಿಂದಲೇ ಶುರುಮಾಡಬಹುದು. ಬ್ರಿಟನ್ನಿನ ಅಲನ್ ಟ್ಯೂರಿಂಗ್ 1945-46ರಲ್ಲಿ ಒಂದು ಗಣಕಯಂತ್ರದ ಯೋಜನೆ ಬರೆದಾಗ ಈಗಿನ ಸ್ಟ್ಯಾಕ್‌ನ ಕೆಲಸಕ್ಕೆ ಬಳಸಿದ ಪದಗಳ ಅರ್ಥ 'ಹೂಳು' ಮತ್ತು 'ಹೂಳಿದ್ದನ್ನು ತೆಗೆ'. ಒಂದು ಕೆಲಸ ಮಾಡುತ್ತಿರುವಾಗ ನಡುವೆ ಇನ್ನೊಂದು ಉಪಕೆಲಸಕ್ಕೆ ಹೋಗಬೇಕಾಗಿ ಬಂದರೆ, ಎಲ್ಲಿಗೆ ಮರಳಬೇಕು ಎಂಬುದನ್ನು ಹೂತಿಟ್ಟು ಹೋಗುವುದು, ಮುಗಿಸಿ ಬಂದು ಅಗೆದು ತೆಗೆಯುವುದು. ಹತ್ತು ವರ್ಷಗಳ ನಂತರ ಜರ್ಮನಿಯ ಮ್ಯೂನಿಕ್‌ನಲ್ಲಿ ಫ್ರೀಡ್ರಿಕ್ ಬಾವರ್ ಮತ್ತು ಕ್ಲಾಸ್ ಸಾಮೆಲ್ಸನ್ ಇದೇ ತತ್ವವನ್ನು ರೂಪಿಸಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅವರು ಕೊಟ್ಟ ಹೆಸರು 'ಕೆಲ್ಲರ್', ಅಂದರೆ ನೆಲಮಾಳಿಗೆ.

ಕನ್ನಡ ನಾಡಿನ ರೈತರಿಗೆ ನೆಲದಡಿಯ ಈ ಮಾಳಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹೆಸರು ಹಗೇವು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಅದಕ್ಕೊಂದು ಕಿರಿದಾದ ಬಾಯಿ. ಜೋಳವನ್ನೋ ರಾಗಿಯನ್ನೋ ಆ ಬಾಯಿಯಿಂದಲೇ ಸುರಿಯಬೇಕು, ಆ ಬಾಯಿಯಿಂದಲೇ ತೆಗೆಯಬೇಕು. ಕೊನೆಗೆ ಸುರಿದ ಕಾಳು ಮೊದಲು ಕೈಗೆ ಸಿಗುತ್ತದೆ, ಮೊದಲು ಸುರಿದದ್ದು ತಳದಲ್ಲಿ ಕೂರುತ್ತದೆ. ಇದೇ ಸ್ಟ್ಯಾಕ್. ಇನ್ನು ಮೇಲಿನಿಂದ ಸುರಿದು ಬುಡದ ಕಿಂಡಿಯಿಂದ ತೆಗೆಯುವ ಕಣಜಗಳಲ್ಲಿ ಮೊದಲು ಸುರಿದ ಕಾಳೇ ಮೊದಲು ಹೊರಗೆ ಬರುತ್ತದೆ. ಇದೇ ಕ್ಯೂ. ಹಾಕುವ ಬಾಯಿ ಮತ್ತು ತೆಗೆಯುವ ಬಾಯಿ ಒಂದೇ ಆದರೆ ಹಗೇವು, ಬೇರೆಬೇರೆ ಆದರೆ ಕಣಜ. ಇಡೀ ಪಾಠ ಇಷ್ಟರಲ್ಲೇ ಇದೆ.

ನಿಘಂಟು ನೋಡಿ ಅನುವಾದ ಮಾಡುವವರು ಸ್ಟ್ಯಾಕ್‌ಗೆ 'ಬಣವೆ' ಎಂದು ಬರೆದುಬಿಡುವ ಅಪಾಯವಿದೆ. ಹುಲ್ಲಿನ ಬಣವೆಯೂ ಪೇರಿಸಿದ್ದೇ ನಿಜ. ಆದರೆ ದನಕ್ಕೆ ಹುಲ್ಲು ಹಾಕುವವರು ಬಣವೆಯ ತುದಿ ಹತ್ತುವುದಿಲ್ಲ, ಪಕ್ಕದಿಂದ ಕೈಹಾಕಿ ಹಿರಿಯುತ್ತಾರೆ. ಪಕ್ಕದಿಂದ ಹಿರಿಯಬಹುದಾದದ್ದು ಸ್ಟ್ಯಾಕ್ ಅಲ್ಲ. ಜಾವಾ ಭಾಷೆಯಲ್ಲಿ ಸ್ಟ್ಯಾಕ್ ಎಂಬ ಹೆಸರಿನಲ್ಲೇ ಬಂದ ಹಳೆಯ ಕ್ಲಾಸ್‌ಗೆ ಇದೇ ದೋಷವಿದೆ. ಅದನ್ನು ವೆಕ್ಟರ್ ಎಂಬ ಪಟ್ಟಿಯ ಮೇಲೆ ಕಟ್ಟಿದ್ದರಿಂದ ನಡುವೆ ಎಲ್ಲಿ ಬೇಕಾದರೂ ತುರುಕಬಹುದು, ಎಲ್ಲಿಂದ ಬೇಕಾದರೂ ಕೀಳಬಹುದು. ಹಾಗಾಗಿಯೇ ಜಾವಾದ ದಾಖಲೆ ಅದರ ಬದಲು ಡೆಕ್ ಎಂಬ ಎರಡು ಬಾಯಿಯ ರಚನೆಯನ್ನು ಬಳಸಿ ಎನ್ನುತ್ತದೆ. ಹೆಸರು ಹಗೇವಿನದು, ನಡತೆ ಬಣವೆಯದು ಎಂದರೆ ತೊಂದರೆ ತಪ್ಪಿದ್ದಲ್ಲ.

ಕ್ಯೂ ವಿಷಯದಲ್ಲಿ ಕನ್ನಡಕ್ಕೆ ಪದಗಳ ಬಡತನವೇ ಇಲ್ಲ. ಸರದಿ, ಸರತಿ, ಉತ್ತರ ಕರ್ನಾಟಕದ ಪಾಳಿ, ಎಲ್ಲವೂ ಇವೆ. ಕ್ಯೂ ಕೂಡ ಕನ್ನಡದ ಪದವೇ ಆಗಿಹೋಗಿದೆ. ಮೂಲ ಫ್ರೆಂಚಿನಲ್ಲಿ ಅದರ ಅರ್ಥ ಬಾಲ. ಉದ್ದನೆಯ ಸಾಲನ್ನು ಕಂಡಾಗ 'ಹನುಮಂತನ ಬಾಲ' ಎನ್ನುವ ಕನ್ನಡಿಗರು ಗೊತ್ತಿಲ್ಲದೆಯೇ ಆ ಮೂಲಾರ್ಥವನ್ನು ಮುಟ್ಟಿರುತ್ತಾರೆ.

ಹಿಂದೆ ಹೋಗುವ ಗುಂಡಿ

ಫೋನಿನಲ್ಲಿ ಹಗೇವು ಎಲ್ಲಿದೆ? ಬೆರಳು ದಿನಕ್ಕೆ ನೂರು ಸಲ ಮುಟ್ಟುವ ಜಾಗದಲ್ಲಿ. ಆಂಡ್ರಾಯ್ಡ್‌ನಲ್ಲಿ ಒಂದು ಪರದೆಯಿಂದ ಇನ್ನೊಂದಕ್ಕೆ ಹೋದಾಗ ಹಳೆಯದು ಅಳಿಯುವುದಿಲ್ಲ, ಅದರ ಮೇಲೆ ಹೊಸದು ಕೂರುತ್ತದೆ. ಹಿಂದೆ ಹೋಗುವ ಗುಂಡಿ ಒತ್ತಿದರೆ ಮೇಲಿನದು ಹೋಗಿ ಅದರ ಕೆಳಗಿನದು ಕಾಣುತ್ತದೆ. ಇದಕ್ಕೆ ಬ್ಯಾಕ್ ಸ್ಟ್ಯಾಕ್ ಎಂದೇ ಹೆಸರು. ಐಫೋನಿನ ನ್ಯಾವಿಗೇಶನ್ ಕಂಟ್ರೋಲರ್, ಫ್ಲಟರ್‌ನ ನ್ಯಾವಿಗೇಟರ್ ಕೂಡ ಇದೇ ಕೆಲಸವನ್ನು ಪುಶ್ ಮತ್ತು ಪಾಪ್ ಎಂಬ ಎರಡು ಆಜ್ಞೆಗಳಿಂದ ಮಾಡುತ್ತವೆ. ಬರೆದದ್ದನ್ನು ರದ್ದು ಮಾಡುವ ಅನ್‌ಡೂ ಸೌಲಭ್ಯವೂ ಸ್ಟ್ಯಾಕೇ.

ಇಷ್ಟು ಸರಳವಾದದ್ದು ಕೆಡುವುದು ಹೇಗೆ? ಮೂರು ಪುಟದ ಅರ್ಜಿ ಇದೆ ಎಂದುಕೊಳ್ಳಿ. ಮೂರನೆಯ ಪುಟದಲ್ಲಿ ಸಲ್ಲಿಸಿದ ಮೇಲೆ 'ಅರ್ಜಿ ತಲುಪಿದೆ' ಎಂಬ ನಾಲ್ಕನೆಯ ಪರದೆ ಬರುತ್ತದೆ. ಬರೆದವರು ಯೋಚಿಸದೆ ಅದನ್ನೂ ಪುಶ್ ಮಾಡಿದ್ದರೆ, ಬಳಸುವವರು ಹಿಂದೆ ಹೋದಾಗ ಮತ್ತೆ ಮೂರನೆಯ ಪುಟ, ಮತ್ತೆ ಅದೇ ಸಲ್ಲಿಸುವ ಗುಂಡಿ. ಗಾಬರಿಯಾದವರು ಇನ್ನೊಮ್ಮೆ ಒತ್ತುತ್ತಾರೆ. ಒಂದೇ ಅರ್ಜಿ ಎರಡಾಗುತ್ತದೆ. ಹಣದ ವ್ಯವಹಾರವಾದರೆ ಪಾವತಿಯೇ ಎರಡಾಗಬಹುದು. ಸಲ್ಲಿಸಿದ ಕೂಡಲೇ ಆ ಮೂರೂ ಪುಟಗಳನ್ನು ತೆಗೆದು, ಮೊದಲ ಪರದೆಯ ಮೇಲೆ ನಾಲ್ಕನೆಯದನ್ನು ಇಡಬೇಕಿತ್ತು.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಪರದೆಯ ಕೆಳಗಿನ ಪಟ್ಟಿಯಲ್ಲಿ ಮನೆ, ಹುಡುಕಾಟ, ಖಾತೆ ಎಂಬ ಮೂರು ಚಿತ್ರಗಳಿರುತ್ತವೆ. ಪ್ರತಿ ಸಲ ಒತ್ತಿದಾಗಲೂ ಹೊಸ ಪರದೆ ಪೇರಿಸಿದರೆ ಮನೆ, ಖಾತೆ, ಮನೆ, ಖಾತೆ ಎಂದು ಅಡಿಯಿಂದ ಮುಡಿವರೆಗೆ ಒಂದೇ ಸರಕು. ಹೊರಗೆ ಬರಲು ಹತ್ತು ಸಲ ಒತ್ತಬೇಕು. ಆ್ಯಪ್ ಬಳಸಲು ಈಗಷ್ಟೇ ಕಲಿತ ಹಿರಿಯರು ಇಲ್ಲಿ ತಮ್ಮದೇ ತಪ್ಪೆಂದು ತಿಳಿದು ಮೊಮ್ಮಕ್ಕಳನ್ನು ಕರೆಯುತ್ತಾರೆ. ತಪ್ಪು ಅವರದಲ್ಲ.

ಸ್ಟ್ಯಾಕ್ ಎಷ್ಟು ಆಳ ಇರಬಹುದು ಎಂಬ ಪ್ರಶ್ನೆಗೆ ಭಾಷೆಯೇ ಒಂದು ಉತ್ತರ ಕೊಡುತ್ತದೆ. ಈ ವಾಕ್ಯ ನೋಡಿ: 'ರವಿ ಲತಾ ಸುಮಾ ಬರೆದ ಕಾಗದ ಓದಿದಳು ಅಂತ ಹೇಳಿದ.' ವ್ಯಾಕರಣದ ಪ್ರಕಾರ ತಪ್ಪಿಲ್ಲ. ಹೆಸರುಗಳು ಬಂದ ಕ್ರಮ ರವಿ, ಲತಾ, ಸುಮಾ. ಕ್ರಿಯೆಗಳು ಬಂದ ಕ್ರಮ ಬರೆದ, ಓದಿದಳು, ಹೇಳಿದ. ಕೊನೆಗೆ ಬಂದ ಸುಮಾಳ ಕ್ರಿಯೆ ಮೊದಲು, ಮೊದಲು ಬಂದ ರವಿಯ ಕ್ರಿಯೆ ಕೊನೆಗೆ. ಕೇಳುವವರು ಮೂರು ಹೆಸರುಗಳನ್ನು ಮನಸ್ಸಿನಲ್ಲಿ ಪೇರಿಸಿಟ್ಟುಕೊಂಡು ಒಂದೊಂದಾಗಿ ತೆಗೆಯಬೇಕು. ಆದರೆ ಹೀಗೆ ಯಾರೂ ಮಾತಾಡುವುದಿಲ್ಲ. 'ಸುಮಾ ಬರೆದ ಕಾಗದಾನ ಲತಾ ಓದಿದಳು ಅಂತ ರವಿ ಹೇಳಿದ' ಎನ್ನುತ್ತಾರೆ. ಮಾತು ಅದೇ, ಪೇರಿಸುವ ಭಾರ ಇಲ್ಲ. ಇನ್ನು 'ರವಿ, ಲತಾ, ಸುಮಾ ಕ್ರಮವಾಗಿ ಹಾಡಿದರು, ಕುಣಿದರು, ನಕ್ಕರು' ಎಂದರೆ ಅದು ಕ್ಯೂ. ಮೊದಲ ಹೆಸರಿಗೆ ಮೊದಲ ಕ್ರಿಯೆ. ಆ ವ್ಯವಸ್ಥೆಯನ್ನು ಸೂಚಿಸುವುದಕ್ಕೇ 'ಕ್ರಮವಾಗಿ' ಎಂಬ ಪದ ಬೇಕಾಯಿತು.

ಹೀಗೆ ಎರಡೂ ರಚನೆಗಳು ಕನ್ನಡ ಮಾತಾಡುವವರ ನಾಲಿಗೆಯಲ್ಲಿ ಮೊದಲೇ ಇವೆ. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಮನುಷ್ಯರ ನೆನಪು ಎರಡು ಮೂರು ಪದರಕ್ಕಿಂತ ಆಳದ ಹಗೇವನ್ನು ಸಹಿಸುವುದಿಲ್ಲ. ಫೋನಿನ ಮೆಮೊರಿ ನೂರು ಪರದೆ ಪೇರಿಸಲು ಒಪ್ಪಬಹುದು. ಎಲ್ಲಿಂದ ಬಂದೆ ಎಂದು ನೆನಪಿಡಬೇಕಾದವರು ಮಾತ್ರ ಫೋನ್ ಹಿಡಿದವರು. ಮಾತಾಡುವವರು ಕೇಳುಗರ ಮೇಲೆ ಕರುಣೆಯಿಂದ ವಾಕ್ಯವನ್ನು ತಿರುಗಿಸಿ ಹೇಳುವ ಹಾಗೆ ಆ್ಯಪ್ ಬರೆಯುವವರು ಪದರಗಳನ್ನು ಕಡಿಮೆ ಮಾಡಬೇಕು.

ಸರದಿ ತಪ್ಪಿದರೆ

ಕ್ಯೂ ಫೋನಿನ ಒಳಗೆ ಇನ್ನೂ ಆಳದಲ್ಲಿದೆ. ಆಂಡ್ರಾಯ್ಡ್ ಆ್ಯಪ್‌ನ ಮುಖ್ಯ ಥ್ರೆಡ್ ಒಂದು ಸಂದೇಶಗಳ ಸರದಿಯ ಮುಂದೆ ಕುಳಿತ ಗುಮಾಸ್ತನಿದ್ದಂತೆ. ಬೆರಳು ಮುಟ್ಟಿದ್ದು, ಪರದೆ ಬಿಡಿಸುವುದು, ಸಮಯ ಮೀರಿದ್ದು, ಎಲ್ಲವೂ ಸಾಲಾಗಿ ಬರುತ್ತವೆ. ಒಂದು ಮುಗಿಸಿ ಇನ್ನೊಂದು ಎತ್ತಿಕೊಳ್ಳುತ್ತಾನೆ. ಯಾರೋ ಅವನ ಕೈಗೆ ದೊಡ್ಡ ಕಡತ ಕೊಟ್ಟುಬಿಟ್ಟರೆ ಹಿಂದಿನವರೆಲ್ಲ ನಿಲ್ಲಬೇಕು. ಬೆರಳು ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ' ಎಂದು ಆಂಡ್ರಾಯ್ಡ್ ಘೋಷಿಸುತ್ತದೆ. ಐಫೋನಿನಲ್ಲೂ ಇಂಥದ್ದೇ ಒಂದು ಮುಖ್ಯ ಸರದಿ ಇದೆ. ವಾಟ್ಸ್‌ಆ್ಯಪ್ ಸಂದೇಶದ ಪಕ್ಕದ ಪುಟ್ಟ ಗಡಿಯಾರ ಕೂಡ ಹೇಳುವುದು ಇದನ್ನೇ: ನಿಮ್ಮ ಮಾತು ಸಾಲಿನಲ್ಲಿ ನಿಂತಿದೆ, ಇನ್ನೂ ಹೊರಟಿಲ್ಲ.

ಈ ಸಾಲು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಸನ್ನಿವೇಶ ಊಹಿಸಿಕೊಳ್ಳಬಹುದು. ಮಲೆನಾಡಿನ ಒಂದು ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆಗೆ ಹೋದ ಕಾರ್ಯಕರ್ತೆ ಬೆಳಿಗ್ಗೆ 10 ಗಂಟೆಗೆ ಒಂದು ಮನೆಯಲ್ಲಿ ಐವರಿದ್ದಾರೆ ಎಂದು ಬರೆದುಕೊಳ್ಳುತ್ತಾರೆ. ಹೊರಡುವ ಹೊತ್ತಿಗೆ ಆ ಮನೆಯವರು, 'ಅಕ್ಕಾ, ತವರಿಗೆ ಹೋದ ಸೊಸೆಯನ್ನ ಬಿಟ್ಟುಬಿಟ್ವಿ' ಎನ್ನುತ್ತಾರೆ. 11 ಗಂಟೆಗೆ ಅದನ್ನು ಆರು ಎಂದು ತಿದ್ದುತ್ತಾರೆ. ನೆಟ್‌ವರ್ಕ್ ಇಲ್ಲ. ಸಂಜೆ ಬಸ್ ನಿಲ್ದಾಣಕ್ಕೆ ಬಂದಾಗ ಫೋನ್ ಎಲ್ಲವನ್ನೂ ಕಳಿಸತೊಡಗುತ್ತದೆ. ಆ್ಯಪ್ ಕಣಜದ ಹಾಗೆ ಇದ್ದರೆ ಐದು ಮೊದಲು, ಆರು ಆಮೇಲೆ. ದಾಖಲೆಯಲ್ಲಿ ಉಳಿಯುವುದು ಆರು. ಹಗೇವಿನ ಹಾಗೆ ಇದ್ದರೆ ಆರು ಮೊದಲು, ಅದರ ಮೇಲೆ ಐದು. ಸೊಸೆ ಕಾಗದದಿಂದ ಮಾಯ. ಅವರ ಪಾಲಿನ ಅಕ್ಕಿಗೆ ಕುತ್ತು ಬಂದಾಗ ಯಾರಿಗೂ ಇದು ಸ್ಟ್ಯಾಕ್‌ನ ತಪ್ಪೆಂದು ಹೊಳೆಯುವುದಿಲ್ಲ. ಕಾರ್ಯಕರ್ತೆಯನ್ನೇ ಬೈಯುತ್ತಾರೆ.

ಹಾಗಾದರೆ ಕ್ಯೂ ಬಳಸಿದರೆ ಸಾಕೇ? ಸಾಲದು, ಅದನ್ನು ಕಟ್ಟುವುದರಲ್ಲೂ ಜವಾಬ್ದಾರಿ ಇದೆ. ಮೊದಲನೆಯದು, ಅದನ್ನು ಬರೀ ಫೋನಿನ ಮೆಮೊರಿಯಲ್ಲಿ ಇಟ್ಟರೆ, ಹಿನ್ನೆಲೆಗೆ ಸರಿದ ಆ್ಯಪ್ ಅನ್ನು ಆಂಡ್ರಾಯ್ಡ್ ಮುಚ್ಚಿದಾಗ ಇಡೀ ಸಾಲು ಅಳಿಯುತ್ತದೆ. ಫೋನಿನೊಳಗಿನ ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಡಬೇಕು. ಎರಡನೆಯದು, ಸಾಲಿನ ಮುಂದಿರುವುದನ್ನು ತೆಗೆದು ಕಳಿಸುವುದಲ್ಲ, ನೋಡಿ ಕಳಿಸಬೇಕು. ಆ ಕಡೆಯಿಂದ ತಲುಪಿತು ಎಂಬ ಉತ್ತರ ಬಂದ ಮೇಲಷ್ಟೇ ಅಳಿಸಬೇಕು. ಮೂರನೆಯದು, ತಲುಪಿಯೂ ಉತ್ತರ ದಾರಿಯಲ್ಲಿ ಕಳೆದುಹೋದರೆ ಅದೇ ದಾಖಲೆ ಎರಡನೆಯ ಸಲ ಹೋಗುತ್ತದೆ. ಪ್ರತಿಯೊಂದಕ್ಕೂ ಬೇರೆಯ ಗುರುತಿನ ಸಂಖ್ಯೆ ಇದ್ದರೆ ಸರ್ವರ್ 'ಇದು ಬಂದದ್ದೇ' ಎಂದು ಬಿಡಬಹುದು. ನಾಲ್ಕನೆಯದು, ಮುಂದಿರುವ ಒಂದು ದಾಖಲೆ ದೋಷದಿಂದ ಎಂದೆಂದಿಗೂ ಹೋಗದೇ ಇದ್ದರೆ ಹಿಂದಿನ ಇನ್ನೂರು ಮನೆಗಳೂ ನಿಂತುಬಿಡುತ್ತವೆ. ಕೆಲವು ಪ್ರಯತ್ನಗಳ ನಂತರ ಅದನ್ನು ಪಕ್ಕಕ್ಕಿಟ್ಟು, ಅದೇ ಮನೆಯ ತಿದ್ದುಪಡಿಗಳನ್ನೂ ಅದರ ಜೊತೆಗೇ ನಿಲ್ಲಿಸಿ, ಕಾರ್ಯಕರ್ತೆಗೆ ಸ್ಪಷ್ಟವಾಗಿ ಹೇಳಬೇಕು. ಸದ್ದಿಲ್ಲದೆ ಎಸೆಯುವುದು ಸಲ್ಲದು.

ಒಮ್ಮೆಯಾದರೂ ಕೈಯಾರೆ

ಇಲ್ಲಿ ಅನುಭವಿಗಳ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಇದೆಲ್ಲ ಸಿದ್ಧವಾಗಿಯೇ ಸಿಗುತ್ತದಲ್ಲ? ಕಾಟ್ಲಿನ್‌ನಲ್ಲಿ ಅರೇಡೆಕ್ 2020ರಿಂದ ಭಾಷೆಯ ಭಾಗವೇ ಆಗಿದೆ, ಡಾರ್ಟ್‌ನಲ್ಲಿ ಕ್ಯೂ ಇದೆ, ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಕೇಳಿದರೆ ಕ್ಷಣದಲ್ಲಿ ಬರೆದುಕೊಡುತ್ತವೆ. ಕೈಯಾರೆ ಕಟ್ಟುವುದು ಯಾಕೆ?

ಕೆಲಸದ ಆ್ಯಪ್‌ಗೆ ಸಿದ್ಧ ಸರಕನ್ನೇ ಬಳಸಬೇಕು, ಅನುಮಾನವಿಲ್ಲ. ಕಲಿಯುವಾಗ ಒಮ್ಮೆ ಕಟ್ಟದವರಿಗೆ ಮಾತ್ರ ಅದು ಎಲ್ಲಿ ಸೋರುತ್ತದೆ ಎಂದು ಗೊತ್ತಾಗುವುದಿಲ್ಲ. ಒಂದು ಸಾಮಾನ್ಯ ಪಟ್ಟಿಯನ್ನೇ ತೆಗೆದುಕೊಳ್ಳಿ. ಕೊನೆಯಲ್ಲಿ ಸೇರಿಸಿ ಕೊನೆಯಿಂದಲೇ ತೆಗೆದರೆ ಒಳ್ಳೆಯ ಸ್ಟ್ಯಾಕ್ ಆಯಿತು. ಬೇರೆ ಯಾವುದೂ ಅಲುಗುವುದಿಲ್ಲ. ಅದನ್ನೇ ಕ್ಯೂ ಮಾಡಲು ಹೋಗಿ ಮುಂದಿನಿಂದ ತೆಗೆದರೆ ಹಿಂದಿರುವ ಪ್ರತಿಯೊಂದೂ ಒಂದು ಹೆಜ್ಜೆ ಮುಂದೆ ಸರಿಯಬೇಕು. ಸ್ವಿಫ್ಟ್ ಭಾಷೆಯ ಅರೇಯಲ್ಲಿ ಮೊದಲನೆಯದನ್ನು ತೆಗೆಯುವ ಆಜ್ಞೆ ಮಾಡುವುದು ಇದನ್ನೇ. 1,000 ದಾಖಲೆಗಳಿರುವ ಸಾಲನ್ನು ಹೀಗೆ ಖಾಲಿ ಮಾಡಲು ಮೊದಲ ಸಲ 999, ಆಮೇಲೆ 998, ಹೀಗೆ ಒಟ್ಟು 4,99,500 ಸರಿದಾಟಗಳು.

ಜನ ಸರಿಯುವ ಬದಲು ಕೌಂಟರೇ ಸರಿದರೆ? ಇದೇ ವೃತ್ತಾಕಾರದ ಸಾಲಿನ ಉಪಾಯ. 8 ಕುರ್ಚಿಗಳಿವೆ, 0ಯಿಂದ 7ರವರೆಗೆ ಸಂಖ್ಯೆ. ಸಾಲಿನ ತಲೆ 6ನೆಯ ಸಂಖ್ಯೆಯಲ್ಲಿದೆ, ಮೂವರು ಕೂತಿದ್ದಾರೆ: 6, 7, ಸುತ್ತಿ ಬಂದು 0. ಹೊಸಬರು ಎಲ್ಲಿ ಕೂರಬೇಕು? 6ಕ್ಕೆ 3 ಕೂಡಿ, 8ರಿಂದ ಭಾಗಿಸಿದಾಗ ಉಳಿಯುವ ಶೇಷ 1. ಅಲ್ಲಿ. ಮುಂದಿನವರು ಎದ್ದುಹೋದರೆ ತಲೆ 7ಕ್ಕೆ ಬಂತು, ಅಷ್ಟೇ, ಯಾರೂ ಏಳಬೇಕಿಲ್ಲ. ಕುರ್ಚಿಗಳೆಲ್ಲ ತುಂಬಿದರೆ ಏನು ಮಾಡಬೇಕು, ದೊಡ್ಡ ಕೋಣೆಗೆ ಹೋಗಬೇಕೇ ಅಥವಾ ಬಂದವರನ್ನು ವಾಪಸ್ ಕಳಿಸಬೇಕೇ ಎಂಬ ಪ್ರಶ್ನೆ ಕೈಯಾರೆ ಬರೆದವರಿಗೆ ತಾನಾಗಿಯೇ ಎದುರಾಗುತ್ತದೆ. ಬರೆಯದವರಿಗೆ ಅದು ಎದುರಾಗುವುದು ಬಳಸುವವರ ಫೋನ್ ನಿಂತಾಗ.

ಕುರ್ಚಿ, ಕೌಂಟರ್, ಶೇಷ ಎಂದು ಕನ್ನಡದಲ್ಲಿ ವಿವರಿಸಿದರೆ ಹತ್ತನೆಯ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ. ಕನ್ನಡದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಕಾಲೇಜಿನಲ್ಲಿ ಇದನ್ನು ಇಂಗ್ಲಿಷಿನ ನಾಲ್ಕಕ್ಷರದ ಸೂತ್ರವಾಗಿ ಉರುಹೊಡೆಯುವುದರಿಂದ ಆಗುವ ನಷ್ಟ ಭಾಷಾಭಿಮಾನಕ್ಕೆ ಸಂಬಂಧಿಸಿದ್ದಲ್ಲ. ತಿಳಿವಳಿಕೆಯೇ ಕೈಗೆ ಇಳಿಯುವುದಿಲ್ಲ. ಹೊಸ ಪಾರಿಭಾಷಿಕ ಪದಗಳನ್ನು ಟಂಕಿಸಲೇಬೇಕೆಂದೂ ಇಲ್ಲ. ಪುಶ್, ಪಾಪ್, ಸ್ಟ್ಯಾಕ್, ಕ್ಯೂ ಹಾಗೆಯೇ ಇರಲಿ. ವಿವರಣೆ ಕನ್ನಡದಲ್ಲಿ ಬರಲಿ, ಉದಾಹರಣೆ ಕಂಡು ಕೇಳಿದ್ದಿರಲಿ. ಮುಂಬೈ, ಪುಣೆ, ಹೈದರಾಬಾದುಗಳ ಕನ್ನಡ ಸಂಘಗಳಲ್ಲಿ ಸಾಫ್ಟ್‌ವೇರ್ ಕೆಲಸದವರಿಗೆ ಬರವಿಲ್ಲ. ಭಾನುವಾರದ ಕನ್ನಡ ಕಲಿ ತರಗತಿಯ ಪಕ್ಕದಲ್ಲಿ ಇಂಥದ್ದೊಂದು ಪಾಠವೂ ನಡೆಯಬಹುದು.

ಕಾಣದ ಸಾಲು

ಕೊನೆಯ ಮಾತು ನ್ಯಾಯದ್ದು. ಹಗೇವಿಗೆ ಕಾಳು ಸುರಿಯುತ್ತಲೇ ಇದ್ದರೆ ತಳದ ಕಾಳು ಹೊರಗೆ ಬರುವುದೇ ಇಲ್ಲ. ದೂರು ಸ್ವೀಕರಿಸುವ ಆ್ಯಪ್‌ನಲ್ಲಿ ಹೊಸ ದೂರು ಮೇಲೆ ಕಾಣುವಂತೆ ಮಾಡಿ, ಸಿಬ್ಬಂದಿ ಮೇಲಿನಿಂದ ಒಂದೊಂದಾಗಿ ನೋಡುತ್ತಾ ಹೋದರೆ, ಎಲ್ಲರಿಗಿಂತ ಮೊದಲು ದೂರು ಕೊಟ್ಟವರು ಎಲ್ಲರಿಗಿಂತ ಹೆಚ್ಚು ಕಾಯುತ್ತಾರೆ. ಯಾರೂ ಬೇಕೆಂದು ಅನ್ಯಾಯ ಮಾಡಿರುವುದಿಲ್ಲ. ಪಟ್ಟಿ ಯಾವ ಕ್ರಮದಲ್ಲಿ ಕಾಣಬೇಕು ಎಂಬ ಒಂದು ಸಾಲಿನ ಕೋಡ್ ಅದನ್ನು ಮಾಡಿರುತ್ತದೆ. ಸರದಿಗೆ ಅಪವಾದಗಳೂ ಬೇಕು ನಿಜ. ಆಸ್ಪತ್ರೆಯಲ್ಲಿ ಎದೆನೋವಿನವರನ್ನು ನೆಗಡಿಯವರ ಹಿಂದೆ ನಿಲ್ಲಿಸಲಾಗದು. ಆದರೆ ಅಪವಾದ ಯಾವುದು, ಯಾಕೆ ಎಂಬುದನ್ನು ಬರೆದು ಹಾಕಬೇಕು.

ಮುಂಬೈಯ ಬಸ್ ನಿಲ್ದಾಣದ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಹಿಂದಿನವರು ಸುಮ್ಮನಿರುವುದಿಲ್ಲ. ಸಾಲು ಕಣ್ಣಿಗೆ ಕಾಣುತ್ತದೆ, ತಮ್ಮ ಮುಂದೆ ಎಷ್ಟು ತಲೆಗಳಿವೆ ಎಂದು ಎಣಿಸಬಹುದು. ಆ್ಯಪ್ ಬಂದ ಮೇಲೆ ಬಿಸಿಲಿನಲ್ಲಿ ನಿಲ್ಲುವುದು ತಪ್ಪಿತು, ಜೊತೆಗೆ ಸಾಲು ಕಾಣುವುದೂ ತಪ್ಪಿತು. ತಿರುಗುವ ಒಂದು ಚಕ್ರ, 'ದಯವಿಟ್ಟು ಕಾಯಿರಿ' ಎಂಬ ಒಂದು ಮಾತು. ಎಷ್ಟು ಜನರ ಹಿಂದೆ, ಯಾರಾದರೂ ನುಗ್ಗಿದರೇ ಎಂದು ಕೇಳಲು ದಾರಿಯಿಲ್ಲ.

ಸರದಿಯನ್ನು ಬರೆಯುವವರು ಅದರಲ್ಲಿ ತಮ್ಮ ಜಾಗ ಎಷ್ಟನೆಯದು ಎಂದು ಕಾಯುವವರಿಗೆ ತೋರಿಸಬೇಕು. ತಾಂತ್ರಿಕವಾಗಿ ಇದು ದೊಡ್ಡ ಕೆಲಸವಲ್ಲ. ಕ್ರಮಸಂಖ್ಯೆ ಹೇಗೂ ಇದೆ. ಅದಕ್ಕಿಂತ ಚಿಕ್ಕ ಸಂಖ್ಯೆಗಳು ಎಷ್ಟು ಉಳಿದಿವೆ ಎಂದು ಎಣಿಸಿದರಾಯಿತು. 'ನಿಮ್ಮ ಮುಂದೆ 14 ಜನ ಇದ್ದಾರೆ' ಎಂದು ಗೊತ್ತಾದರೆ ಕಾಯುವವರು ಕಾಯುತ್ತಾರೆ. ಹದಿನಾಲ್ಕು ಇದ್ದದ್ದು ಇಪ್ಪತ್ತಾದರೆ ಯಾಕೆಂದು ಕೇಳುತ್ತಾರೆ. ಹಾಗೆ ಕೇಳಲು ಬೇಕಾದ ಲೆಕ್ಕ ಅವರ ಫೋನಿನಲ್ಲೇ ಇರಬೇಕು.